ಒಂದು ಕ್ವಿಂಟಲ್ ಕೊಬ್ಬರಿ ದುಡ್ಡಲ್ಲಿ ಕ್ಯಾಮೆರಾ: ಸಾಕ್ಷಿ ಹಿಡಿಯೋರಿಗೊಂದು ಕೈಪಿಡಿ

ಸರ್ಕಾರಕ್ಕೆ ಈಗ ಎಲ್ಲದಕ್ಕೂ ಫೋಟೋ ಬೇಕು. ಮನೆಗೆ ಬಿಲ್ ಆಗಬೇಕಾದರೆ ಪಾಯದ ಫೋಟೋ, ಕೃಷಿ ಹೊಂಡಕ್ಕೆ ಹೊಂಡದ ಫೋಟೋ. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿ ಕೂಲಿಯವರ ಹಾಜರಿಯೂ ಎನ್‌ಎಂಎಂಎಸ್ ಅನ್ನೋ ಆ್ಯಪ್‌ನಲ್ಲಿ ದಿನಕ್ಕೆ ಎರಡು ಫೋಟೋ ಆಗಿಬಿಟ್ಟಿತು. ಫೋಟೋ ಏರದಿದ್ದರೆ ಹಾಜರಿ ಇಲ್ಲ, ಕೂಲಿಯೂ ಇಲ್ಲ. ಅದೇ ವ್ಯವಸ್ಥೆಯಲ್ಲಿ ಫೋಟೋದ ಫೋಟೋ ಹೊಡೆದು, ಸಂಬಂಧವೇ ಇಲ್ಲದ ಚಿತ್ರ ಹಾಕಿ ಹಾಜರಿ ತೋರಿಸಲಾಗುತ್ತಿದೆ ಅಂತ 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಬೇಕಾಯಿತು.

ಅಂದರೆ ಮೇಲಿನವರು ಕೆಳಗಿನವರನ್ನು ಕೇಳೋ ಪುರಾವೆ ಫೋಟೋ. ಹಾಗಾದರೆ ಕೆಳಗಿನವರು ಮೇಲಿನವರನ್ನು ಪ್ರಶ್ನಿಸುವಾಗ ಹಿಡಿಯೋ ಪುರಾವೆ ಯಾವುದು? ಒತ್ತುವರಿ ಆದ ಕೆರೆಯ ಅಂಗಳ, ನೀರೇ ಬಾರದ ಹೇಮಾವತಿ ನಾಲೆಯ ತೂಬು, ಬೋರ್ಡ್ ಮಾತ್ರ ಇರೋ ಕಾಮಗಾರಿ, ತಕರಾರಿನ ತೂಕದ ಯಂತ್ರ. ಇವನ್ನೆಲ್ಲ ಹಿಡಿದಿಡೋಕೆ ಹೊರಟ ಹುಡುಗ ಹುಡುಗಿಯರು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ನನ್ನನ್ನು ಕೇಳೋದು ಒಂದೇ ಪ್ರಶ್ನೆ: 'ಕೈಯಲ್ಲಿರೋದು ಹತ್ತು ಹನ್ನೆರಡು ಸಾವಿರ. ಯಾವ ಕ್ಯಾಮೆರಾ ತಗೊಳ್ಳಲಿ?'

ನಮ್ಮ ಸೀಮೆ ಲೆಕ್ಕದಲ್ಲಿ ಹೇಳೋದಾದರೆ ಅದು ಒಂದು ಕ್ವಿಂಟಲ್ ಉಂಡೆ ಕೊಬ್ಬರಿಯ ಬೆಂಬಲ ಬೆಲೆ. 2025ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ್ದು 12,100 ರೂಪಾಯಿ. ಮರದಿಂದ ಕಾಯಿ ಇಳಿಸಿ, ಅಟ್ಟದ ಮೇಲೆ ಸುಮಾರು ಒಂದು ವರ್ಷ ಒಣಗಿಸಿ, ಸುಲಿದು, ಚಿಪ್ಪು ಒಡೆದು ತಂದ ಕೊಬ್ಬರಿಯ ದುಡ್ಡು. ಅಷ್ಟು ದುಡ್ಡನ್ನು ಡಬ್ಬದ ಮೇಲಿನ ದೊಡ್ಡ ಅಂಕಿ ನೋಡಿ ಸುರಿಯೋ ಹಾಗಿಲ್ಲ. ನನ್ನ ಉತ್ತರ ಇಷ್ಟೇ: ಹೊಸ ಅಗ್ಗದ ಕ್ಯಾಮೆರಾಕ್ಕಿಂತ ಹತ್ತು ಹದಿನೈದು ವರ್ಷ ಹಳೆಯ ಒಳ್ಳೆ ಕ್ಯಾಮೆರಾ ಮೇಲು. ಆದರೆ ಯಾವುದು ಒಳ್ಳೆಯದು ಅನ್ನೋದನ್ನು ನೀವು ಮಾಡೋ ಕೆಲಸ ತೀರ್ಮಾನಿಸಬೇಕು, ಮೆಗಾಪಿಕ್ಸೆಲ್ ಅಲ್ಲ.

ಫೋನ್ ಇದೆಯಲ್ಲ, ಇನ್ನೊಂದ್ಯಾಕೆ?

ನ್ಯಾಯವಾದ ಪ್ರಶ್ನೆ. ಹಗಲು ಬೆಳಕಲ್ಲಿ, ಹತ್ತಿರದಿಂದ, ತಕ್ಷಣ ಕಳಿಸಬೇಕಾದ ಚಿತ್ರಕ್ಕೆ ನಿಮ್ಮ ಫೋನೇ ಸಾಕು. ಬರೀ ಅಷ್ಟೇ ನಿಮ್ಮ ಕೆಲಸ ಆಗಿದ್ದರೆ ದುಡ್ಡು ಉಳಿಸಿ, ಇಲ್ಲಿಗೇ ಓದು ನಿಲ್ಲಿಸಬಹುದು. ಮೂರು ಕಡೆ ಮಾತ್ರ ಫೋನ್ ಸೋಲುತ್ತೆ.

ಒಂದು, ದೂರ. ಜನರ ಹಿಂದೆ ನಿಂತು ತೂಕದ ಅಂಕಿ ಓದಬೇಕು, ಬೇಲಿಯಾಚೆ ನಿಂತ ಲಾರಿಯ ನಂಬರ್ ಹಿಡಿಯಬೇಕು. ಕಡಿಮೆ ಬೆಲೆಯ ಫೋನಿನ ಜೂಮ್ ಅಂದರೆ ಚಿತ್ರವನ್ನು ಕತ್ತರಿಸಿ ದೊಡ್ಡದು ಮಾಡೋದು, ಅಷ್ಟೇ. ಕಾಂಪ್ಯಾಕ್ಟ್ ಕ್ಯಾಮೆರಾದಲ್ಲಿ ಗಾಜಿನ ಲೆನ್ಸೇ ಮುಂದೆ ಹಿಂದೆ ಸರಿದು ದೂರದ್ದನ್ನು ಹತ್ತಿರ ತರುತ್ತೆ.

ಎರಡು, ನಂಬಿಕೆ. ಈಗಿನ ಫೋನುಗಳು ಕಂಡದ್ದನ್ನು ಕಂಡ ಹಾಗೆ ಬರೆದಿಡಲ್ಲ. 2023ರ ಮಾರ್ಚ್‌ನಲ್ಲಿ ಒಬ್ಬರು ಬೇಕಂತಲೇ ಮಸುಕು ಮಾಡಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆ ಮೇಲಿಟ್ಟು ಸ್ಯಾಮ್‌ಸಂಗ್ ಫೋನಲ್ಲಿ ಕ್ಲಿಕ್ಕಿಸಿದರು. ಮಸುಕು ಚಿತ್ರದಲ್ಲಿ ಇಲ್ಲದ ಕುಳಿಗಳು ಫೋಟೋದಲ್ಲಿ ಮೂಡಿದವು. ಚಂದ್ರನನ್ನು ಗುರುತಿಸಿ ವಿವರ ಹೆಚ್ಚಿಸೋ ಕೃತಕ ಬುದ್ಧಿಮತ್ತೆ ಅದರಲ್ಲಿದೆ ಅಂತ ಕಂಪನಿ ಆಮೇಲೆ ವಿವರಿಸಿತು. ಚಂದ್ರನ ವಿಷಯದಲ್ಲಿ ಇದು ತಮಾಷೆ. ಮಸುಕಾದ ಅಂಕಿ ಅಕ್ಷರಗಳ ವಿಷಯದಲ್ಲಿ 'ಇದು ಕ್ಯಾಮೆರಾ ಕಂಡಿದ್ದೋ, ಊಹಿಸಿದ್ದೋ?' ಅಂತ ಎದುರಿನ ವಕೀಲರು ಕೇಳಿದರೆ ತಮಾಷೆ ಅಲ್ಲ. ಹಳೆ ಕಾಂಪ್ಯಾಕ್ಟ್ ಕ್ಯಾಮೆರಾ ಚಿತ್ರವನ್ನು ಚೂಪು ಮಾಡುತ್ತೆ, ಕಾಳುಕಾಳು ಅಳಿಸುತ್ತೆ. ಇಲ್ಲದ್ದನ್ನು ಹುಟ್ಟಿಸಲ್ಲ.

ಮೂರು, ನಿಮ್ಮ ಬದುಕು. ಫೋನಲ್ಲಿ ಬ್ಯಾಂಕ್ ಇದೆ, ಮನೆಯವರಿದ್ದಾರೆ, ಗೆಳೆಯರ ಮಾತಿದೆ. ಸಾಕ್ಷಿಗಾಗಿ ಅದನ್ನೇ ಒಪ್ಪಿಸಬೇಕಾಗಿ ಬಂದರೆ ನಿಮ್ಮ ಇಡೀ ಖಾಸಗಿ ಲೋಕ ಇನ್ನೊಬ್ಬರ ಮೇಜಿನ ಮೇಲಿರುತ್ತೆ. ಕ್ಯಾಮೆರಾ ಕೊಟ್ಟರೆ ಹೋಗೋದು ಕ್ಯಾಮೆರಾ ಮಾತ್ರ.

ಮಾರುಕಟ್ಟೆಯಲ್ಲಿ ಏನಾಗಿದೆ

ಜಪಾನಿನ ಕ್ಯಾಮೆರಾ ತಯಾರಕರ ಸಂಘ ಸಿಐಪಿಎ ಲೆಕ್ಕದಂತೆ 2010ರಲ್ಲಿ ಜಗತ್ತಿಗೆಲ್ಲ ಸರಬರಾಜಾದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. ಅದರಲ್ಲಿ ಬಹುಪಾಲು ಲೆನ್ಸ್ ಬಿಚ್ಚಲಾಗದ ಕಾಂಪ್ಯಾಕ್ಟ್‌ಗಳೇ. 2023ರ ಹೊತ್ತಿಗೆ ಆ ಜಾತಿ ಸುಮಾರು 17 ಲಕ್ಷಕ್ಕೆ ಇಳಿದಿತ್ತು. ಸ್ಮಾರ್ಟ್‌ಫೋನ್ ನುಂಗಿಹಾಕಿತು. ಅಗ್ಗದ ಕಾಂಪ್ಯಾಕ್ಟ್ ಮಾಡೋದನ್ನು ದೊಡ್ಡ ಕಂಪನಿಗಳು ಹೆಚ್ಚುಕಡಿಮೆ ಕೈಬಿಟ್ಟವು.

ಇದರಿಂದ ಎರಡು ಪರಿಣಾಮ. ಹೊಸದಾಗಿ ಆನ್‌ಲೈನ್‌ನಲ್ಲಿ ನಾಲ್ಕೈದು ಸಾವಿರಕ್ಕೆ ಕಾಣೋ ಹೆಸರಿಲ್ಲದ ಕ್ಯಾಮೆರಾಗಳಲ್ಲಿ '48 ಮೆಗಾಪಿಕ್ಸೆಲ್, 16 ಪಟ್ಟು ಡಿಜಿಟಲ್ ಜೂಮ್' ಅಂತ ಬರೆದಿರುತ್ತೆ. ಅಂಥವುಗಳಲ್ಲಿ ಸಾಮಾನ್ಯವಾಗಿ ಒಳಗಿರೋದು ಹಳೆ ಫೋನಿನಷ್ಟು ಸೆನ್ಸರ್, ಸರಿಯದ ಲೆನ್ಸ್. ಚಿತ್ರವನ್ನು ಹಿಗ್ಗಿಸಿ 48 ಅಂತ ಲೆಕ್ಕ ತೋರಿಸುತ್ತವೆ. ವಿವರಣೆಯಲ್ಲಿ 'ಆಪ್ಟಿಕಲ್ ಜೂಮ್' ಅನ್ನೋ ಪದ ಇಲ್ಲದಿದ್ದರೆ ಮುಂದೆ ಹೋಗಿ.

ಎರಡನೆಯದು, ಇನ್‌ಸ್ಟಾಗ್ರಾಂ. 2000ದ ದಶಕದ ಕ್ಯಾಮೆರಾಗಳ ಬಣ್ಣ ಈಗ ಫ್ಯಾಷನ್. ಹಾಗಾಗಿ ಮನೆ ಬೀರುವಿನಲ್ಲಿ ಧೂಳು ತಿಂತಿದ್ದ ಸಾಧಾರಣ ಕ್ಯಾಮೆರಾಕ್ಕೂ 'ವಿಂಟೇಜ್' ಅಂತ ಹೆಸರಿಟ್ಟು ಬೆಲೆ ಏರಿಸುತ್ತಾರೆ. ಬಣ್ಣಕ್ಕೆ ದುಡ್ಡು ಕೊಡೋರು ಕೊಡಲಿ. ನಮಗೆ ಬೇಕಿರೋದು ಕತ್ತಲಲ್ಲೂ ಅಕ್ಷರ ಓದಿಸೋ ಚಿತ್ರ.

ನೋಡಬೇಕಾದ ಎರಡು ಅಂಕಿ

10 ಮೆಗಾಪಿಕ್ಸೆಲ್ ಚಿತ್ರ ಅಂದರೆ ಸುಮಾರು 3648 ಅಡ್ಡ, 2736 ಉದ್ದ ಚುಕ್ಕಿಗಳು. ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಿದರೆ ಎ4 ಹಾಳೆ ತುಂಬುತ್ತೆ. ಅರ್ಜಿಗೆ ಲಗತ್ತಿಸೋಕೆ, ಪತ್ರಿಕೆಗೆ, ವೆಬ್‌ಸೈಟ್‌ಗೆ ಅಷ್ಟು ಸಾಕು. ಅದರ ಮೇಲಿನ ಮೆಗಾಪಿಕ್ಸೆಲ್‌ಗೆ ತಲೆ ಕೆಡಿಸಿಕೊಳ್ಳಬೇಡಿ. ಕೇಳಬೇಕಾದ್ದು ಬೇರೆ ಎರಡು ಅಂಕಿ.

ಮೊದಲನೆಯದು ಸೆನ್ಸರ್ ಅಳತೆ. ಬೆಳಕು ಬೀಳೋ ಚಿಪ್ ಅದು. ಅಗ್ಗದ ಕಾಂಪ್ಯಾಕ್ಟ್‌ಗಳಲ್ಲಿ 1/2.3 ಇಂಚು ಅಂತ ಬರೆದಿರುತ್ತೆ, ವಿಸ್ತೀರ್ಣ ಸುಮಾರು 28 ಚದರ ಮಿಲಿಮೀಟರ್. 1/1.7 ಇಂಚಿನದ್ದು ಸುಮಾರು 43. 'ಒಂದು ಇಂಚು' ಅನ್ನೋದು 116. ಅಟ್ಟದ ಮೇಲೆ ಬೀಳೋ ಮಳೆ ನೀರನ್ನು ಲೋಟದಲ್ಲಿ ಹಿಡಿತೀರೋ, ಬೋಗುಣಿಯಲ್ಲಿ ಹಿಡಿತೀರೋ ಅನ್ನೋ ವ್ಯತ್ಯಾಸ ಇದು.

ಎರಡನೆಯದು ಲೆನ್ಸ್ ಮೇಲೆ ಬರೆದಿರೋ ಎಫ್ ಸಂಖ್ಯೆ. ಕಡಿಮೆ ಇದ್ದಷ್ಟೂ ಹೆಚ್ಚು ಬೆಳಕು. ಎಫ್/2 ಲೆನ್ಸು ಎಫ್/3.2 ಲೆನ್ಸಿಗಿಂತ ಎರಡೂವರೆ ಪಟ್ಟು ಬೆಳಕು ಒಳಗೆ ಬಿಡುತ್ತೆ. ಕಾಯಿ ತುಂಬಿದ ಅಟ್ಟದಲ್ಲಿ, ಒಂದೇ ಬಲ್ಬಿನ ಕೆಳಗೆ ಹೆಂಗಸರು ಕೊಬ್ಬರಿ ಬಿಡಿಸೋ ಶೆಡ್ಡಿನಲ್ಲಿ ಇದರ ಬೆಲೆ ಗೊತ್ತಾಗುತ್ತೆ. ಎಫ್/3.2ಕ್ಕೆ ಸೆಕೆಂಡಿನ 15ನೇ ಒಂದು ಭಾಗ ಬೇಕಾದ ಕಡೆ ಎಫ್/2ಕ್ಕೆ ಸುಮಾರು 40ನೇ ಒಂದು ಭಾಗ ಸಾಕು. ಮೊದಲನೆಯದರಲ್ಲಿ ಕೈ ಆಡಿಸೋ ಮನುಷ್ಯ ನೆರಳಾಗುತ್ತಾನೆ, ಎರಡನೆಯದರಲ್ಲಿ ಮನುಷ್ಯನಾಗೇ ಉಳಿಯೋ ಸಾಧ್ಯತೆ ಹೆಚ್ಚು. 'ಸ್ಟೆಬಿಲೈಸೇಶನ್ ಇದೆ' ಅಂತ ಅಂಗಡಿಯವರು ಹೇಳ್ತಾರೆ. ಅದು ನಿಮ್ಮ ಕೈ ನಡುಕ ಸರಿಮಾಡುತ್ತೆ, ಎದುರಿನವರ ಚಲನೆಯನ್ನಲ್ಲ.

ಲೆನ್ಸ್ ಮೇಲೆ ಎರಡು ಎಫ್ ಸಂಖ್ಯೆ ಇರುತ್ತೆ. ಎರಡನೆಯದು ಪೂರ್ತಿ ಜೂಮ್ ಮಾಡಿದಾಗಿನದ್ದು. ಅದೂ ಮುಖ್ಯ, ಯಾಕೆಂದರೆ ಜೂಮ್ ಎಳೆದಷ್ಟೂ ಹೆಚ್ಚಿನ ಕ್ಯಾಮೆರಾಗಳು ಕುರುಡಾಗುತ್ತಾ ಹೋಗ್ತವೆ.

ಕೆಲಸ ಯಾವುದು, ಕ್ಯಾಮೆರಾ ಯಾವುದು

ಮಬ್ಬು ಬೆಳಕಿನ ಕೆಲಸ: ಶೆಡ್ಡು, ಸಂಜೆ ಸಭೆ, ಮನೆಯೊಳಗಿನ ಸಂದರ್ಶನ. ಕ್ಯಾನನ್ ಪವರ್‌ಶಾಟ್ ಎಸ್ ಸರಣಿ ಹುಡುಕಿ. ಎಸ್90 (2009), ಎಸ್95 (2010), ಎಸ್110 (2012), ಎಸ್120 (2013). ಎಲ್ಲಕ್ಕೂ 1/1.7 ಇಂಚಿನ ಸೆನ್ಸರ್, ಎಫ್/2 ಅಥವಾ ಅದಕ್ಕಿಂತ ಒಳ್ಳೆ ಲೆನ್ಸ್, ಅಂಗಿ ಜೇಬಿನ ಗಾತ್ರ, ರಾ ಫೈಲ್ ಸೌಲಭ್ಯ. ವಿಡಿಯೋ ಬೇಕಾದರೆ ಎಸ್90 ಬೇಡ, ಅದರಲ್ಲಿ ಹಳೆ ಟಿವಿಯಷ್ಟೇ ಸ್ಪಷ್ಟತೆ. ನಡುವಿನ ಎಸ್100ರ ಕೆಲವು ಕ್ಯಾಮೆರಾಗಳಲ್ಲಿ 'ಲೆನ್ಸ್ ಎರರ್' ಬರುತ್ತೆ ಅಂತ ಕ್ಯಾನನ್ ತಾನೇ ಪ್ರಕಟಣೆ ಕೊಟ್ಟಿತ್ತು, ಅದನ್ನು ಬಿಟ್ಟರೆ ಒಳ್ಳೇದು. ಪ್ಯಾನಸೋನಿಕ್ ಎಲ್‌ಎಕ್ಸ್7 (2012) ಸಿಕ್ಕರೆ ಬಿಡಬೇಡಿ. ಅದರ ಲೆನ್ಸು ಎಫ್/1.4ರಿಂದ ಶುರುವಾಗಿ ಪೂರ್ತಿ ಜೂಮ್‌ನಲ್ಲೂ ಎಫ್/2.3. ಜೂಮ್ ಮಾತ್ರ ಕಡಿಮೆ. ಒಂದು ಇಂಚಿನ ಸೆನ್ಸರ್ ಇರೋ ಸೋನಿ ಆರ್‌ಎಕ್ಸ್100 (2012) ಇವೆಲ್ಲಕ್ಕಿಂತ ಮೇಲು, ಆದರೆ ಸುಸ್ಥಿತಿಯಲ್ಲಿರೋದು ಸಾಮಾನ್ಯವಾಗಿ ನಮ್ಮ ಬಜೆಟ್ ದಾಟುತ್ತೆ. ಅರ್ಧ ಬೆಲೆಗೆ ಯಾರಾದರೂ ಕೊಡ್ತೀನಿ ಅಂದರೆ ಅನುಮಾನ ಪಡಿ.

ದೂರದ ಕೆಲಸ: ಕೆರೆ ಒತ್ತುವರಿ, ಗಣಿ, ನಾಲೆ, ಲಾರಿ. ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಅದಿರು ಗಣಿಗಾರಿಕೆ ನಿಲ್ಲಿಸಿದ್ದನ್ನು ನೋಡಿದವರು ಅವರು. ಇಂಥ ಕಡೆ ಒಳಗೆ ನುಗ್ಗದೆ ರಸ್ತೆಯಿಂದಲೇ ತೆಗೆಯೋದು ಸುರಕ್ಷಿತ. ಕ್ಯಾನನ್ ಎಸ್‌ಎಕ್ಸ್720 ಎಚ್‌ಎಸ್ (2016, 40 ಪಟ್ಟು ಜೂಮ್), ಸೋನಿ ಎಚ್‌ಎಕ್ಸ್90ವಿ (2015, 30 ಪಟ್ಟು) ಈ ಜಾತಿ. ಸೆನ್ಸರ್ ಚಿಕ್ಕದು, ಬಿಸಿಲಲ್ಲಿ ಚೆನ್ನ, ಸಂಜೆ ಆದ ಮೇಲೆ ನಿರೀಕ್ಷೆ ಬೇಡ.

ದಾಖಲೆ ಕೆಲಸ: ಪಹಣಿ, ಬಿಲ್, ನೋಟಿಸ್ ಬೋರ್ಡ್, ಕಾಮಗಾರಿ ಫಲಕ. ಸಾಧಾರಣ ಕ್ಯಾನನ್ ಇಕ್ಸಸ್ 185 (2017) ಥರದ್ದೂ ನಡೆಯುತ್ತೆ. ಅದಕ್ಕಿಂತ ಹೆಚ್ಚು ಅದರಿಂದ ಕೇಳಬೇಡಿ. ಇದೇ ಕೆಲಸವನ್ನು ಫೋನೂ ಮಾಡುತ್ತೆ ಅನ್ನೋದನ್ನು ಮರೀಬೇಡಿ.

ಸಭೆಯ ವಿಡಿಯೋ: ಗ್ರಾಮಸಭೆ ಪೂರ್ತಿ ಹಿಡಿಯೋಕೆ ಹೊರಟರೆ ಈ ಕ್ಯಾಮೆರಾಗಳಲ್ಲಿ ಬಹುತೇಕ ಒಂದೇ ಸಲಕ್ಕೆ ಅರ್ಧ ಗಂಟೆ ದಾಟಲ್ಲ, ನಡುವೆ ನಿಂತುಹೋಗ್ತವೆ. ಮೇಲೆ ಹೇಳಿದ ಯಾವುದಕ್ಕೂ ಹೊರಗಿನ ಮೈಕ್ ಹಾಕೋ ಜಾಗ ಇಲ್ಲ. ಮಾತು ಮುಖ್ಯವಾದರೆ ಫೋನಲ್ಲಿ ಧ್ವನಿ ರೆಕಾರ್ಡ್ ಮಾಡಿ ಮೇಜಿನ ಹತ್ತಿರ ಇಡಿ, ಕ್ಯಾಮೆರಾ ಮುಖ ಹಿಡಿಯಲಿ. ಟ್ಯೂಬ್‌ಲೈಟ್, ಎಲ್‌ಇಡಿ ಕೆಳಗೆ ಚಿತ್ರದಲ್ಲಿ ಪಟ್ಟೆ ಓಡಿದರೆ, ಅದು ನಮ್ಮ 50 ಹರ್ಟ್ಸ್ ಕರೆಂಟಿನ ಮಿಣುಕು. ಸೆಟ್ಟಿಂಗ್‌ನಲ್ಲಿ ಪಾಲ್ ಇದ್ದರೆ ಅದನ್ನೇ ಆರಿಸಿ, ಶಟರ್ ವೇಗ 1/50 ಅಥವಾ 1/100ಕ್ಕೆ ಇಡಿ.

ಹಳೆಯದು ಕೊಳ್ಳುವಾಗ ಹತ್ತು ನಿಮಿಷ

ಬೆಂಗಳೂರಿನ ಎಸ್.ಪಿ. ರೋಡ್ ಆಗಲಿ, ಆನ್‌ಲೈನ್ ಜಾಹೀರಾತು ನೋಡಿ ಭೇಟಿಯಾಗೋ ಮಾರಾಟಗಾರರಾಗಲಿ, ಕೈಗೆ ತಗೊಂಡು ನೋಡದೆ ದುಡ್ಡು ಕೊಡಬೇಡಿ. ಜೊತೆಗೆ ನಿಮ್ಮದೇ ಮೆಮೊರಿ ಕಾರ್ಡ್, ಒಂದು ಟಾರ್ಚ್ ಒಯ್ಯಿರಿ. ಹೀಗೆ ನೋಡಿ:

1. ಹತ್ತು ಸಲ ಆನ್ ಆಫ್ ಮಾಡಿ. ಲೆನ್ಸ್ ಕರಕರ ಅನ್ನದೆ, ತಡವರಿಸದೆ ಒಳ ಹೊರಗೆ ಹೋಗಬೇಕು. ಕಾಂಪ್ಯಾಕ್ಟ್‌ಗಳು ಮೊದಲು ಸಾಯೋದು ಇಲ್ಲೇ, ರಿಪೇರಿ ದುಬಾರಿ.
2. ಬಿಳಿ ಗೋಡೆ ಅಥವಾ ಖಾಲಿ ಆಕಾಶದ ಫೋಟೋ ತೆಗೆಯಿರಿ. ಎಫ್/8 ಇಡೋಕಾದರೆ ಇಡಿ. ಕಪ್ಪು ಮಚ್ಚೆ ಕಂಡರೆ ಸೆನ್ಸರ್ ಮೇಲೆ ಧೂಳಿದೆ. ಮನೆಯಲ್ಲಿ ಬಿಚ್ಚಿ ಒರೆಸೋಕಾಗಲ್ಲ. ನಾರಿನ ಧೂಳಿರೋ ನಮ್ಮ ಸೀಮೆಯಲ್ಲಿ ಬಳಸಿದ ಕ್ಯಾಮೆರಾ ಆದರೆ ಇದನ್ನು ಬಿಡಲೇಬೇಡಿ.
3. ಲೆನ್ಸಿಗೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆ ಥರ ಕಂಡರೆ ಬೂಷ್ಟು ಹಿಡಿದಿದೆ, ಬಿಟ್ಟುಬಿಡಿ.
4. ಪೂರ್ತಿ ಜೂಮ್ ಮಾಡಿ ದೂರದ ಬೋರ್ಡ್ ತೆಗೆಯಿರಿ. ಪರದೆಯಲ್ಲಿ ಹಿಗ್ಗಿಸಿ ನಾಲ್ಕೂ ಮೂಲೆ ನೋಡಿ. ಒಂದು ಮೂಲೆ ಮಾತ್ರ ಮಸುಕಾದರೆ ಕ್ಯಾಮೆರಾ ಬಿದ್ದಿರಬಹುದು.
5. ಬ್ಯಾಟರಿ ಹೊರತೆಗೆದು ಸಮತಟ್ಟಾದ ಜಾಗದಲ್ಲಿ ಇಡಿ. ಉಬ್ಬಿದ್ದರೆ ಗಿರಗಿರ ತಿರುಗುತ್ತೆ. ಅಂಥದ್ದನ್ನು ಚಾರ್ಜಿಗೆ ಹಾಕಬೇಡಿ.
6. ತಾರೀಕು, ಗಂಟೆ ಹೊಂದಿಸಿ, ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ. ಗಡಿಯಾರ ಮೊದಲಿಗೆ ಹೋಗಿದ್ದರೆ ಒಳಗಿನ ಚಿಕ್ಕ ಬ್ಯಾಟರಿ ಸತ್ತಿದೆ. ಫ್ಯಾಷನ್‌ಗೆ ಕೊಳ್ಳೋರಿಗೆ ಇದು ಲೆಕ್ಕಕ್ಕಿಲ್ಲ. ಸಾಕ್ಷಿಗೆ ಕೊಳ್ಳೋರಿಗೆ ಇದೇ ದೊಡ್ಡ ದೋಷ, ತಪ್ಪು ತಾರೀಕಿನ ಫೋಟೋ ನಿಮ್ಮ ಮಾತಿಗೇ ಎದುರು ನಿಲ್ಲುತ್ತೆ.
7. ಕೆಳಗಿರೋ ಸೀರಿಯಲ್ ನಂಬರ್ ಬರೆದ ರಸೀದಿ ಕೇಳಿ. ಕದ್ದ ಮಾಲಿಗೆ ನಂಬರ್ ಬರೆದುಕೊಡೋಕೆ ಯಾರೂ ಒಪ್ಪಲ್ಲ.

ಕಾರ್ಡಿನ ವಿಷಯಕ್ಕೂ ಒಂದು ಮಾತು. ಎಸ್‌ಡಿ ಕಾರ್ಡ್ ಹಾಕೋ ಕ್ಯಾಮೆರಾವನ್ನೇ ತಗೊಳ್ಳಿ. ಹಳೆ ಸೋನಿಯ ಮೆಮೊರಿ ಸ್ಟಿಕ್, ಹಳೆ ಒಲಿಂಪಸ್, ಫ್ಯೂಜಿಯ ಎಕ್ಸ್‌ಡಿ ಕಾರ್ಡುಗಳನ್ನು ಈಗ ಹುಡುಕೋದೇ ಕಷ್ಟ. 2010ಕ್ಕಿಂತ ಹಳೆಯ ಬಹುತೇಕ ಕ್ಯಾಮೆರಾಗಳು 64 ಜಿಬಿ ಕಾರ್ಡ್ ಓದಲ್ಲ. 32 ಜಿಬಿಯೊಳಗಿನ ಎರಡು ಕಾರ್ಡ್ ಇದ್ದರೆ ಒಂದೇ ದೊಡ್ಡ ಕಾರ್ಡಿಗಿಂತ ಕ್ಷೇಮ.

ದುಡ್ಡು ಹಂಚೋದು ಹೇಗೆ

ಹನ್ನೆರಡು ಸಾವಿರ ಇದ್ದರೆ ಕ್ಯಾಮೆರಾಕ್ಕೆ ಒಂಬತ್ತು ಸಾವಿರ ದಾಟಬೇಡಿ. ಉಳಿದ ಮೂರು ಸಾವಿರದಲ್ಲಿ ಹೆಚ್ಚುವರಿ ಬ್ಯಾಟರಿ, ಎರಡು ಕಾರ್ಡ್, ಕಾರ್ಡ್ ರೀಡರ್, ಜಿಪ್ ಇರೋ ಚೀಲ. ಇವು ಜೇಬಿನ ಕ್ಯಾಮೆರಾಗಳು, ಬ್ಯಾಟರಿಯೂ ಚಿಕ್ಕದು. ಒಂದು ಚಾರ್ಜಿಗೆ ಇನ್ನೂರು ಚಿಲ್ಲರೆ ಫೋಟೋ ಬಂದರೆ ದೊಡ್ಡದು, ವಿಡಿಯೋ ಮಾಡಿದರೆ ಇನ್ನೂ ಬೇಗ ಖಾಲಿ. ಕರೆಂಟು ನಂಬೋ ಹಾಗಿಲ್ಲದ ಊರಲ್ಲಿ ಒಂದೇ ಬ್ಯಾಟರಿ ಅಂದರೆ ಅರ್ಧ ಕ್ಯಾಮೆರಾ.

ಐದು ಸಾವಿರವೂ ಇಲ್ಲವಾ? ಒಬ್ಬರೇ ಕೊಳ್ಳಬೇಕು ಅಂತೇನಿಲ್ಲ. ಚೀಟಿ ಹಾಕಿ ಪಾತ್ರೆ, ಶಾಮಿಯಾನ ಕೊಂಡು ಊರೆಲ್ಲ ಬಳಸೋದು ನಮಗೆ ಹೊಸತಲ್ಲ. ನಾಲ್ಕು ಜನ ಸೇರಿ ಒಂದು ಒಳ್ಳೆ ಕ್ಯಾಮೆರಾ ತಗೊಳ್ಳೋದು ನಾಲ್ಕು ಕೆಟ್ಟ ಕ್ಯಾಮೆರಾಕ್ಕಿಂತ ಲೇಸು. ಜೊತೆಗೊಂದು ನೋಟ್‌ಬುಕ್ ಇಡಿ: ಯಾರು ಒಯ್ದರು, ಯಾವತ್ತು, ಎಲ್ಲಿ ತೆಗೆದರು, ಯಾವಾಗ ವಾಪಸ್ ತಂದರು. ಜಗಳ ತಪ್ಪಿಸೋಕೆ ಮಾತ್ರ ಅಲ್ಲ, ಮುಂದೆ ಹೇಳೋ ಕಾರಣಕ್ಕೂ ಆ ಪುಸ್ತಕ ಬೇಕು.

ಕ್ಲಿಕ್ಕಿಸಿದ ಮೇಲೆ

2024ರ ಜುಲೈ 1ರಿಂದ ಹಳೆ ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಹಿಂದೆ 65ಬಿ ಅಂತ ಇದ್ದದ್ದು ಈಗ ಸೆಕ್ಷನ್ 63. ಡಿಜಿಟಲ್ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಬೇಕು: ಒಂದು ಭಾಗ ಸಾಧನ ಬಳಸಿದವರದ್ದು, ಇನ್ನೊಂದು ತಜ್ಞರದ್ದು. ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಇದ್ದ ಹಾಗೆ. ಒಂದು ಚುಕ್ಕಿ ಬದಲಾದರೂ ಸಂಖ್ಯೆ ಬದಲಾಗುತ್ತೆ. ಹಳೆ ಕಾಯ್ದೆಯಡಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ 2020ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಪ್ರತಿಗೆ ಪ್ರಮಾಣಪತ್ರ ಕಡ್ಡಾಯ, ಮೂಲ ಸಾಧನವನ್ನೇ ಅದರ ಮಾಲೀಕರು ಬಂದು ಹಾಜರುಪಡಿಸಿದರೆ ಬೇಕಿಲ್ಲ. ಕೋರ್ಟಿನ ಹಂತ ಬಂದರೆ ವಕೀಲರನ್ನು ಕೇಳಿ. ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರೋದು ಇಷ್ಟು:

- ಮುಖ್ಯವಾದದ್ದು ಸಿಕ್ಕ ದಿನ ಆ ಕಾರ್ಡನ್ನು ಅಳಿಸಬೇಡಿ. ಪಕ್ಕದ ಚಿಕ್ಕ ಲಾಕ್ ಸರಿಸಿ, ಲಕೋಟೆಯಲ್ಲಿ ಹಾಕಿ ತಾರೀಕು ಬರೆದಿಡಿ. ಕಾರ್ಡಿನ ಬೆಲೆ ಕೆಲವು ನೂರು ರೂಪಾಯಿ, ಒಳಗಿರೋದಕ್ಕೆ ಬೆಲೆ ಇಲ್ಲ.
- ಎರಡು ಕಡೆ ಪ್ರತಿ ಮಾಡಿ. ಅವತ್ತೇ ಹ್ಯಾಶ್ ತೆಗೆದು ನೋಟ್‌ಬುಕ್‌ಗೆ ಬರೆಯಿರಿ. ವಿಂಡೋಸ್ ಕಂಪ್ಯೂಟರಿನಲ್ಲಿ ಸರ್ಟ್‌ಯುಟಿಲ್ ಅನ್ನೋ ಸೌಲಭ್ಯ ಮೊದಲೇ ಇರುತ್ತೆ.
- ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗುತ್ತೆ, ಒಳಗಿನ ತಾರೀಕು ಮಾಡೆಲ್ ವಿವರವೂ ಹೋಗುತ್ತೆ. 'ಡಾಕ್ಯುಮೆಂಟ್' ಅಂತ ಕಳಿಸಿದರೆ ಫೈಲ್ ಹಾಗೇ ಉಳಿಯುತ್ತೆ.
- ಮೂಲ ಫೈಲನ್ನು ಎಡಿಟ್ ಮಾಡಬೇಡಿ. ಬೆಳಕು ಹೆಚ್ಚಿಸೋದಿದ್ದರೂ ಪ್ರತಿಯ ಮೇಲೆ ಮಾಡಿ.
- ಒಂದೇ ಜಾಗದ ಮೂರು ಚಿತ್ರ ತೆಗೆಯಿರಿ: ಜಾಗ ಗುರುತು ಸಿಗೋ ಹಾಗೆ ದೂರದಿಂದ, ನಡುವಿನಿಂದ, ಅಂಕಿ ಓದೋ ಹಾಗೆ ಹತ್ತಿರದಿಂದ. ಬರೀ ಹತ್ತಿರದ್ದಿದ್ದರೆ ಅದು ಯಾವ ಊರಿನ ಗುಂಡಿ ಅಂತ ಯಾರೂ ಹೇಳಲಾರರು.

ಯಾರ ಮುಖ, ಯಾರ ಹೊಟ್ಟೆಪಾಡು

ಒಳ್ಳೆ ಲೆನ್ಸ್ ಬಂದ ಮೇಲೆ ಮುಖ ಚೆನ್ನಾಗಿ ಬರುತ್ತೆ. ಅಲ್ಲೇ ಅಪಾಯವೂ ಇದೆ. ಶೆಡ್ಡಿನಲ್ಲಿ ಕೂಲಿ ಕಡಿಮೆ ಅಂತ ಹೇಳಿದ ಅಕ್ಕನ ಮುಖ ನಿಮ್ಮ ಪೋಸ್ಟಿನಲ್ಲಿ ಬಂದರೆ, ನಾಳೆ ಕೆಲಸ ಕಳಕೊಳ್ಳೋದು ಅವರು, ನೀವಲ್ಲ. ಕೇಳಿ ತೆಗೆಯಿರಿ, ಎಲ್ಲಿ ಹಾಕ್ತೀರಿ ಅಂತ ಹೇಳಿ ತೆಗೆಯಿರಿ. ಬೇಡ ಅಂದರೆ ಕೈ ತೆಗೆಯಿರಿ, ಕತ್ತಿಯ ಹಿಡಿ ತೆಗೆಯಿರಿ, ಕೂಲಿ ಚೀಟಿ ತೆಗೆಯಿರಿ. ಅಧಿಕಾರದಲ್ಲಿರೋರು ಸಾರ್ವಜನಿಕ ಸಭೆಯಲ್ಲಿ ಆಡಿದ ಮಾತಿಗೆ ಇದೇ ನಾಚಿಕೆ ಬೇಕಿಲ್ಲ. ಕ್ಯಾಮೆರಾ ಮೇಲಕ್ಕೆ ನೋಡುವಾಗ ಧೈರ್ಯ ಇರಲಿ, ಕೆಳಕ್ಕೆ ನೋಡುವಾಗ ಸಂಕೋಚ ಇರಲಿ.

ಕೊನೆಗೆ ಒಂದು ಲೆಕ್ಕ. 2023ರ ಹಂಗಾಮಿನಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ 11,750 ರೂಪಾಯಿ ಇತ್ತು. ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗೆ ಕುಸಿದಿತ್ತು. ಆ ದಿನಗಳ ಸಾಲು, ಅಳಲು, ಹೋರಾಟ ಎಷ್ಟೋ ಜನರ ಫೋನಿನಲ್ಲಿ ಸೆರೆಯಾದವು. ಫೋನ್ ಬದಲಾಯಿಸಿದಾಗ, ಗ್ರೂಪ್ ಖಾಲಿ ಮಾಡಿದಾಗ ಅಂಥ ಚಿತ್ರಗಳು ಸದ್ದಿಲ್ಲದೆ ಹೋಗಿಬಿಡ್ತವೆ. ಬೆಲೆ ಮತ್ತೆ ಕುಸಿದಾಗ 'ಹಿಂದೆಯೂ ಹೀಗೇ ಆಗಿತ್ತು' ಅಂತ ತೋರಿಸೋಕೆ ತಾರೀಕಿರೋ, ಜಾಗ ಗೊತ್ತಾಗೋ ಹತ್ತು ಚಿತ್ರ ಸಾಕು. ಅದಕ್ಕೆ ಬೇಕಿರೋದು ದುಬಾರಿ ಕ್ಯಾಮೆರಾ ಅಲ್ಲ. ಗಡಿಯಾರ ಸರಿಯಿರೋ ಒಂದು ಹಳೆ ಕ್ಯಾಮೆರಾ, ಎರಡು ಕಾರ್ಡು, ಒಂದು ನೋಟ್‌ಬುಕ್.